ಜ್ವರ ಬಿಟ್ಟ ಆರನೆಯ ದಿನ

ನಮ್ಮ ಕಡೆ ಜ್ವರ ಬರುತ್ತದೆ, ಹಿಡಿಯುತ್ತದೆ, ಕೊನೆಗೊಂದು ದಿನ ಬಿಡುತ್ತದೆ. ಮೂರೂ ಮಾತಿನಲ್ಲಿ ಕರ್ತೃ ಜ್ವರವೇ. ರೋಗಿಗೆ ಸುಮ್ಮನೆ ಮಲಗಿರುವ ಕೆಲಸ. ಕುಮಟಾದ ನಮ್ಮ ಮನೆಯಲ್ಲಿ ಬೆಳಗ್ಗೆ ಅಮ್ಮ ಹಣೆ ಮುಟ್ಟಿ ನೋಡಿ ಜ್ವರ ಬಿಟ್ಟಿತು ಅಂದಳೆಂದರೆ ಅಲ್ಲಿಗೆ ಕಾಯಿಲೆ ಮುಗಿಯಿತು. ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮರುದಿನ ಶಾಲೆ.

2009ರ ಮಳೆಗಾಲದಲ್ಲಿ, ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ, ನನಗೆ ಮಲೇರಿಯಾ ಹಿಡಿಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಹಲ್ಲು ಕಟಕಟ ಎನ್ನುವ ಚಳಿ, ಎರಡು ಕಂಬಳಿ ಸಾಲದು. ಸಂಜೆಗೆ ಕಾವಲಿಯಂಥ ಮೈ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಮರುದಿನ ಏನೂ ಇಲ್ಲ, ಆಚೆ ದಿನ ಅದೇ ಹೊತ್ತಿಗೆ ಮತ್ತೆ. ರಕ್ತ ನೋಡಿದವರು ‘ವೈವಾಕ್ಸ್’ ಬಗೆಯ ಮಲೇರಿಯಾ ಅಂದರು. ಮೂರು ದಿನ ಕ್ಲೋರೊಕ್ವಿನ್, ಹದಿನಾಲ್ಕು ದಿನ ಪ್ರಿಮಾಕ್ವಿನ್. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಪ್ರಿಮಾಕ್ವಿನ್ ಹೊಟ್ಟೆಗೆ ಹಿಡಿಸದ ಗುಳಿಗೆ. ಐದನೆಯ ದಿನ ಅದನ್ನು ನಾನೂ ಬಿಟ್ಟೆ. ಆರನೆಯ ದಿನ ಕೆಲಸಕ್ಕೆ ಹೋದೆ. ಮೈಯಲ್ಲಿ ಶಕ್ತಿ ಇರಲಿಲ್ಲ, ಆದರೆ ಜ್ವರವೂ ಇರಲಿಲ್ಲವಲ್ಲ.

ಆ ಆರನೆಯ ದಿನ ಮೈಯೊಳಗೆ ಏನು ನಡೆಯುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ರೋಗ ಮುಗಿಯಿತೆಂದು ನಾನು ಬಸ್ಸು ಹತ್ತಿದ ದಿನವೇ ಬಿಳಿ ರಕ್ತಕಣಗಳ ಗದ್ದಲ ಶಿಖರ ಮುಟ್ಟಿತ್ತು.

ಭಟ್ಕಳದ ತೆಂಗಿನಗುಂಡಿ, ಹೊನ್ನಾವರದ ಕಾಸರಕೋಡು ಟೊಂಕ, ಕುಮಟಾ ತಾಲ್ಲೂಕಿನ ತದಡಿ: ಈ ಬಂದರುಗಳಲ್ಲಿ ನನ್ನಂಥವರು ಬೇಕಾದಷ್ಟು ಜನ. ಜೂನ್–ಜುಲೈ ತಿಂಗಳ 61 ದಿನದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಬಂತೆಂದರೆ ಬೋಟು ಇಳಿಯಬೇಕು. ನಮ್ಮ ಹುಡುಗರು ಮಲ್ಪೆಗೆ, ಮಂಗಳೂರಿಗೆ, ಗೋವಾಕ್ಕೆ, ರತ್ನಾಗಿರಿಗೆ ಹೋಗುತ್ತಾರೆ. ನಮ್ಮ ಬೋಟುಗಳಿಗೆ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬರುತ್ತಾರೆ. ಜ್ವರ ಬಿಟ್ಟ ಖಲಾಸಿಯನ್ನು ಬೋಟು ನಡೆಸುವ ತಾಂಡೇಲ ದಡದಲ್ಲಿ ಎಷ್ಟು ದಿನ ಕೂರಿಸಿಯಾನು? ಆಶಾ ಕಾರ್ಯಕರ್ತೆ ಕೊಟ್ಟ ಗುಳಿಗೆಯ ಪಟ್ಟಿ ಅಂಗಿಯ ಜೇಬಿನಲ್ಲೇ ಸಮುದ್ರಕ್ಕೆ ಹೋಗುತ್ತದೆ.

ಮೊದಲಿನಿಂದ ಹೇಳುತ್ತೇನೆ. ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚಿದಾಗ ಮೈಗೆ ಇಳಿಯುವ ಪರಾವಲಂಬಿಗಳು ಕೆಲವೇ ಕೆಲವು. ಅವು ರಕ್ತದ ದಾರಿ ಹಿಡಿದು ಲಿವರ್ ಸೇರಿ, ಅಲ್ಲಿ ವಾರವೊಂದರಷ್ಟು ಕಾಲ ಸದ್ದಿಲ್ಲದೆ ಸಾವಿರಾರಾಗಿ ಒಡೆಯುತ್ತವೆ. ಅಲ್ಲಿಯವರೆಗೆ ಚಳಿಯಿಲ್ಲ, ಜ್ವರವಿಲ್ಲ. ಆಮೇಲೆ ಕೆಂಪು ರಕ್ತಕಣದೊಳಗೆ ನುಗ್ಗುತ್ತವೆ, ಹಿಮೋಗ್ಲೋಬಿನ್ ತಿನ್ನುತ್ತವೆ, ವೈವಾಕ್ಸ್ ಆದರೆ 48 ಗಂಟೆಗೊಮ್ಮೆ ಕಣ ಒಡೆದುಕೊಂಡು ಹೊರಬರುತ್ತವೆ. ಒಡೆಯುವ ಗಳಿಗೆಗೂ ಚಳಿ ಬರುವ ಗಳಿಗೆಗೂ ನಂಟಿದೆಯೆಂದು 1886ರಷ್ಟು ಹಿಂದೆಯೇ ಇಟಲಿಯ ಕಮಿಲ್ಲೊ ಗಾಲ್ಜಿ ತೋರಿಸಿಕೊಟ್ಟಿದ್ದರು. ನಮ್ಮ ಪಂಡಿತರೂ ದಿನ ಬಿಟ್ಟು ದಿನದ ಜ್ವರಕ್ಕೆ ತೃತೀಯಕ, ಎರಡು ದಿನ ಬಿಟ್ಟು ಬರುವುದಕ್ಕೆ ಚಾತುರ್ಥಿಕ ಎಂದು ಹೆಸರಿಟ್ಟು ವಿಷಮಜ್ವರದ ಲೆಕ್ಕ ಹಿಡಿದಿದ್ದವರೇ.

ಆದರೆ ಚಳಿ ತರುವುದು ಪರಾವಲಂಬಿಯಲ್ಲ, ನಮ್ಮದೇ ಕೋಶಗಳು. ಕಣ ಒಡೆದಾಗ ಚೆಲ್ಲುವ ಕೊಳೆಯಲ್ಲಿ ಒಂದು ಬಗೆಯ ಕೊಬ್ಬು–ಸಕ್ಕರೆಯ ಅಣುವಿದೆ. ಚಿಕ್ಕದಾಗಿ ಜಿಪಿಐ ಎನ್ನುತ್ತಾರೆ. ಪರಾವಲಂಬಿ ತನ್ನ ಪ್ರೋಟೀನುಗಳನ್ನು ಮೈಗೆ ಅಂಟಿಸಿಕೊಳ್ಳಲು ಬಳಸುವ ಗೂಟ ಅದು. ನಮ್ಮ ಮ್ಯಾಕ್ರೊಫೇಜ್ ಎಂಬ ನುಂಗುಕೋಶಗಳು ಈ ಗೂಟವನ್ನು ಟಿಎಲ್‌ಆರ್–2 ಎಂಬ ಗ್ರಾಹಕದಿಂದ ಗುರುತು ಹಿಡಿಯುತ್ತವೆ ಎಂದು ಬಿಡಿಸಿ ತೋರಿಸಿದವರಲ್ಲಿ ಅಮೆರಿಕದ ಪೆನ್ ಸ್ಟೇಟ್ ವೈದ್ಯಕೀಯ ಕಾಲೇಜಿನ ಡಿ. ಚನ್ನೇಗೌಡ ಪ್ರಮುಖರು, 2005ರಲ್ಲಿ ಬಂದ ಅವರ ತಂಡದ ಪ್ರಬಂಧವನ್ನು ಈ ಕ್ಷೇತ್ರದಲ್ಲಿ ಈಗಲೂ ಉಲ್ಲೇಖಿಸುತ್ತಾರೆ. ಗುರುತು ಸಿಕ್ಕ ಕೂಡಲೇ ನುಂಗುಕೋಶ ಟಿಎನ್‌ಎಫ್, ಐಎಲ್–6 ಮುಂತಾದ ಸೈಟೊಕೈನ್‌ಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಮಿದುಳಿಗೆ ಮುಟ್ಟಿಸುವ ಸುದ್ದಿ ಒಂದೇ: ಮೈ ಕಾಯಿಸು. ಮಿದುಳು ಕಾವಿನ ಮಟ್ಟವನ್ನು ಏರಿಸಿಟ್ಟ ಮೇಲೆ ಇದ್ದ ಮೈಬಿಸಿ ತಣ್ಣಗೆನಿಸಿ ಸ್ನಾಯುಗಳು ನಡುಗತೊಡಗುತ್ತವೆ. ಎರಡು ಕಂಬಳಿ ಹೊದ್ದು ನಡುಗಿದ್ದು ನನ್ನದೇ ಬಿಳಿಕಣಗಳ ಕರೆಗೆ ಓಗೊಟ್ಟು.

ಚನ್ನೇಗೌಡರ ನಂಟು ನಮ್ಮ ಕರಾವಳಿಯೊಂದಿಗೂ ಉಂಟು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದವರು, ಮಂಗಳೂರಿನ ವೈದ್ಯ ಶ್ರೀನಿವಾಸ ಕಕ್ಕಿಲಾಯ, ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕದ ವಿಜ್ಞಾನಿ ಇವರೆಲ್ಲ ಸೇರಿ ಮಂಗಳೂರಿನ ಮಲೇರಿಯಾ ರೋಗಿಗಳ ರಕ್ತದಲ್ಲಿ ಸೈಟೊಕೈನ್, ಪ್ಲೇಟ್‌ಲೆಟ್, ರಕ್ತಹೀನತೆ ಒಂದಕ್ಕೊಂದು ಹೇಗೆ ತಳಕು ಹಾಕಿಕೊಂಡಿವೆ ಎಂದು ನೋಡಿದ್ದಾರೆ. ಉರಿಯೂತದ ಸೈಟೊಕೈನ್ ಏರಿದವರಲ್ಲಿ ಪ್ಲೇಟ್‌ಲೆಟ್ ಕುಸಿತವೂ ಜೋರು. ಉರಿಯನ್ನು ತಣಿಸುವ ಐಎಲ್–10 ಸಹ ಅದೇ ರಕ್ತದಲ್ಲಿ ಏರಿರುತ್ತದೆ ಎಂಬುದು ನನಗೆ ಹೆಚ್ಚು ಕುತೂಹಲದ ಸಂಗತಿ. ಒಲೆಗೆ ಸೌದೆ ಒಡ್ಡುವ ಕೈಯೇ ನೀರನ್ನೂ ಚಿಮುಕಿಸುತ್ತಿರುತ್ತದೆ. ಈ ಎರಡರ ಜಗ್ಗಾಟದಲ್ಲೇ ಮಲೇರಿಯಾದ ಕತೆಯೆಲ್ಲ ಇದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕದಲ್ಲೂ ಇದರ ಒಂದಂಶ ಕಾಣುತ್ತದೆ. ಗಾಜಿನ ಮೇಲೆ ಬಳಿದ ರಕ್ತದಲ್ಲಿ ಹುಡುಕುವುದು ಕೆಂಪುಕಣದೊಳಗಿನ ಉಂಗುರವನ್ನಾದರೂ, ಪಕ್ಕದ ಬಿಳಿಕಣಗಳಲ್ಲೂ ಕೆಲವೊಮ್ಮೆ ಕಂದುಗಪ್ಪು ಚುಕ್ಕೆಗಳಿರುತ್ತವೆ. ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಉಳಿಸಿದ ಕಬ್ಬಿಣದ ಕಸ, ಹೀಮೊಜೊಯಿನ್. ಮಾನೊಸೈಟ್ ಎಂಬ ಬಿಳಿಕಣಗಳು ಅದನ್ನು ನುಂಗಿರುತ್ತವೆ, ಅರಗಿಸಿಕೊಳ್ಳಲಾರವು. ಪರಾವಲಂಬಿ ಯಾವುದೆಂದು ಜಗತ್ತಿಗೆ ತಿಳಿಯುವ ಮೊದಲೇ, 1847ರಲ್ಲಿ, ಜರ್ಮನಿಯ ಮೆಕೆಲ್ ಈ ಕಪ್ಪು ಪುಡಿಯನ್ನು ಕಂಡಿದ್ದ. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲ್ಯಾವೆರಾನ್ ಅದರ ಬೆನ್ನು ಹತ್ತಿಯೇ ಪರಾವಲಂಬಿಯನ್ನು ಹಿಡಿದ. ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಂ ಹಿಡಿದ ರೋಗಿಯಲ್ಲಿ ಇಂಥ ಮಸಿ ಮೆತ್ತಿದ ಬಿಳಿಕಣಗಳು ಹೆಚ್ಚಿದ್ದರೆ ರೋಗ ತೀವ್ರವಿದೆ ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ.

ಇನ್ನೊಂದು ವಿಚಿತ್ರ, ಜ್ವರದ ದಿನಗಳಲ್ಲಿ ರಕ್ತದಲ್ಲಿ ಲಿಂಫೊಸೈಟ್‌ಗಳ ಎಣಿಕೆ ಇಳಿದುಹೋಗುವುದು. ಹೋರಾಟಕ್ಕೆ ಬೇಕಾದ ಟಿ ಕೋಶ, ಬಿ ಕೋಶಗಳೆಲ್ಲ ಈ ಲಿಂಫೊಸೈಟ್ ಕುಲದವು. ಯುದ್ಧದ ಹೊತ್ತಿಗೆ ಸೈನಿಕರೇ ನಾಪತ್ತೆ! ಚಿಕಿತ್ಸೆ ಶುರುವಾಗಿ ಒಂದೆರಡು ದಿನದಲ್ಲಿ ಅವು ಮರಳುತ್ತವೆ. ಅಷ್ಟು ಬೇಗ ಹೊಸದಾಗಿ ಹುಟ್ಟಿ ಬರಲಾರವು. ಅಂದರೆ ಬಹುಪಾಲು ಸತ್ತಿರಲಿಲ್ಲ, ಎಲ್ಲೋ ಹೋಗಿ ಕೂಡಿದ್ದವು. ಎಲ್ಲಿ ಎಂಬುದಕ್ಕೆ ನಮ್ಮ ಅಜ್ಜಿಯಂದಿರ ಹತ್ತಿರ ಒಂದು ಮಾತಿತ್ತು.

ಜ್ವರಗಡ್ಡೆ

ನನ್ನ ಅಜ್ಜಿ ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಘಟ್ಟ ಇಳಿದು ಕುಮಟಾಕ್ಕೆ ಬಂದವಳು. ತನ್ನ ಬಾಲ್ಯದ ಮಕ್ಕಳನ್ನು ಅವಳು ಬಣ್ಣಿಸುತ್ತಿದ್ದುದು ಹೀಗೆ: ಕೈಕಾಲು ಕಡ್ಡಿ, ಮುಖ ಬಿಳಿಚು, ಹೊಟ್ಟೆ ಮಾತ್ರ ಮುಂದೆ. ಎಡ ಪಕ್ಕೆಲುಬಿನ ಕೆಳಗೆ ಕೈಯಿಟ್ಟರೆ ಗಟ್ಟಿಯಾಗಿ ಸಿಗುತ್ತಿದ್ದುದೇ ಜ್ವರಗಡ್ಡೆ. ಅದೇನು ಹೊಸದಾಗಿ ಬೆಳೆದ ಗಡ್ಡೆಯಲ್ಲ, ಊದಿಕೊಂಡ ಗುಲ್ಮ. ಸಾಮಾನ್ಯವಾಗಿ ಪಕ್ಕೆಲುಬಿನ ಮರೆಯಲ್ಲಿ ಕೈಗೆ ಸಿಗದಂತೆ ಕೂತಿರುವ ಅಂಗ.

ಮೀನುಗಾರರ ಮಾತಿನಲ್ಲಿ ಹೇಳುವುದಾದರೆ ಗುಲ್ಮವೊಂದು ಸಣ್ಣ ಕಣ್ಣಿನ ಬಲೆ. ಕೆಂಪುಕಣಗಳು ಮೈ ಹಿಂಡಿಕೊಂಡು ಅದರ ಸೀಳುಗಳಲ್ಲಿ ನುಸುಳಬೇಕು. ಮುದಿಯಾದವು, ಒಳಗೆ ಪರಾವಲಂಬಿ ಹೊತ್ತು ಬಿಗಿದುಕೊಂಡವು ಸಿಕ್ಕಿಬೀಳುತ್ತವೆ. ಕಾದು ಕೂತ ನುಂಗುಕೋಶಗಳು ಅವನ್ನು ಮುಗಿಸುತ್ತವೆ. ಬಲೆಯ ಪಕ್ಕದಲ್ಲೇ ಲಿಂಫೊಸೈಟ್‌ಗಳ ಬಿಡಾರ. ಸಿಕ್ಕಿಬಿದ್ದದ್ದರ ಚೂರುಗಳನ್ನು ಟಿ ಕೋಶ, ಬಿ ಕೋಶಗಳಿಗೆ ತೋರಿಸಿ ಪಾಠ ಹೇಳುವ ಮಠವೂ ಇದೇ. ರಕ್ತದಿಂದ ಮಾಯವಾದ ಲಿಂಫೊಸೈಟ್‌ಗಳಲ್ಲಿ ದೊಡ್ಡ ಪಾಲು ಇಲ್ಲಿಗೆ ಬಂದಿರುತ್ತದೆ. ಬೇಟೆ, ಮಸಣ, ಪಾಠಶಾಲೆ ಮೂರೂ ಒಂದೇ ಕೇರಿಯಲ್ಲಿ ನಡೆದರೆ ಕೇರಿ ಊದದೇ ಇರುತ್ತದೆಯೇ?

ಇದು ಕತೆಯ ಅರ್ಧ ಮಾತ್ರ ಎಂದು ತಿಳಿದದ್ದು ಇತ್ತೀಚೆಗೆ. ಇಂಡೊನೇಷ್ಯಾದ ಪಪುವಾದಲ್ಲಿ ಬೇರೆ ಕಾರಣಕ್ಕೆ ಗುಲ್ಮ ತೆಗೆಸಿಕೊಂಡವರ ಅಂಗಾಂಶವನ್ನು ಪರೀಕ್ಷಿಸಿದ ಸಂಶೋಧಕರು 2021ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಜ್ವರವಿಲ್ಲದೆ ಓಡಾಡಿಕೊಂಡಿದ್ದ ಈ ಜನರಲ್ಲಿ, ವೈವಾಕ್ಸ್ ಸೋಂಕಿದ್ದರೆ, ಮೈಯಲ್ಲಿದ್ದ ಪರಾವಲಂಬಿಗಳ ಶೇ 98ಕ್ಕೂ ಹೆಚ್ಚು ಪಾಲು ಗುಲ್ಮದೊಳಗೇ ಇತ್ತು. ಸತ್ತವಲ್ಲ, ಬದುಕಿದ್ದವು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಕಂಡದ್ದು ಚಿಲ್ಲರೆ. ವೈವಾಕ್ಸ್‌ಗೆ ಎಳೆಯ ಕೆಂಪುಕಣಗಳೇ ಬೇಕು. ರಕ್ತದಲ್ಲಿ ಅಂಥವು ನೂರಕ್ಕೆ ಒಂದೋ ಎರಡೋ, ಗುಲ್ಮದಲ್ಲಿ ಅವು ಕೂಡಿಕೊಂಡಿರುತ್ತವೆ. ಹಿಡಿಯಲು ಕಟ್ಟಿದ ಬಲೆಯೊಳಗೇ ಮೀನು ಮರಿಯಿಟ್ಟ ಹಾಗೆ. ಅಜ್ಜಿಯ ಕಾಲದ ಮಕ್ಕಳ ಹೊಟ್ಟೆಯಲ್ಲಿದ್ದ ಗಡ್ಡೆಯ ಬಗ್ಗೆ ಇದನ್ನು ಓದಿದ ಮೇಲೆ ನನಗೆ ಬೇರೆ ನೋಟ ಬಂತು.

ಗಡ್ಡೆ ಮುಟ್ಟಿ ಮಲೇರಿಯಾ ಅಳೆಯುವ ಪದ್ಧತಿ ಹುಟ್ಟಿದ್ದು ಭಾರತದಲ್ಲೇ. 1840ರ ದಶಕದಲ್ಲಿ ಉತ್ತರದ ಕಾಲುವೆ ಪ್ರದೇಶಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಊರೂರಿನ ಜನರ ಹೊಟ್ಟೆ ಮುಟ್ಟಿ, ನೂರರಲ್ಲಿ ಎಷ್ಟು ಜನರಿಗೆ ಗುಲ್ಮ ಊದಿದೆ ಎಂದು ಲೆಕ್ಕ ಬರೆದ. ಶತಮಾನ ಕಳೆದ ಮೇಲೂ, ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಕೆನರಾ ಜಿಲ್ಲೆಯಲ್ಲಿ, ಮಲೇರಿಯಾ ಅಧಿಕಾರಿಗಳು ಶಾಲೆಗೆ ಬಂದರೆ ಮಾಡುತ್ತಿದ್ದುದು ಇದೇ ಕೆಲಸ: ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ ಪಕ್ಕೆಯ ಕೆಳಗೆ ಬೆರಳೂರುವುದು.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಆ ಲೆಕ್ಕದಲ್ಲಿ ಕೆನರಾ ಎರಡಾಗಿತ್ತು. ಹಳಿಯಾಳ, ಸೂಪಾ, ಯಲ್ಲಾಪುರ, ಶಿರಸಿ, ಸಿದ್ದಾಪುರಗಳಲ್ಲಿ ಜ್ವರ ಮನೆಯ ಆಳಿನಂತೆ ಸದಾ ಇದ್ದದ್ದು. ಅಲ್ಲಿನ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್, ಅಂಚಿನಲ್ಲಿ ಹುಲ್ಲು ಬೆಳೆದು ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ ಮೊಟ್ಟೆಯಿಡುತ್ತದೆ. ಅಡಿಕೆ ತೋಟದ ಕಾಲುವೆಗಳಿಗೂ ಅದಕ್ಕೂ ಮಾಡಿಸಿದ ಜೋಡಿ. ಘಟ್ಟದ ಕೆಳಗೆ, ಭಟ್ಕಳ–ಹೊನ್ನಾವರ–ಕುಮಟಾದ ಕಡಲ ಬದಿಯಲ್ಲಿ, ರೋಗ ಅಷ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಹೇಳುತ್ತಿದ್ದ ಮಾತು: ಅಡಿಕೆಯ ಕೊನೆಕೊಯ್ಲಿಗೆಂದು ಘಟ್ಟ ಹತ್ತಿದ ಕೆಳಗಿನವರು ಹದಿನೈದಿಪ್ಪತ್ತು ದಿನದಲ್ಲಿ ಕಂಬಳಿಯಲ್ಲಿ ಸುತ್ತಿಸಿಕೊಂಡು ಇಳಿಯುತ್ತಿದ್ದರು, ಮೇಲಿನವರು ಅದೇ ತೋಟದಲ್ಲಿ, ಅದೇ ಸೊಳ್ಳೆಯ ನಡುವೆ, ಎಲೆಯಡಿಕೆ ಹಾಕಿಕೊಂಡು ಕೆಲಸ ಮಾಡಿಕೊಂಡಿರುತ್ತಿದ್ದರು. ‘ಅವರ ಮೈಗೆ ಒಗ್ಗಿದೆ’ ಎನ್ನುವುದು ಎಲ್ಲರ ವಿವರಣೆ. ರಾಬರ್ಟ್ ಕಾಕ್ 1899–1900ರಲ್ಲಿ ಜಾವಾ, ನ್ಯೂ ಗಿನಿಗಳಲ್ಲಿ ಕಂಡದ್ದೂ ಇದನ್ನೇ. ಜ್ವರದ ಸೀಮೆಯಲ್ಲಿ ಮಕ್ಕಳ ರಕ್ತದ ತುಂಬ ಪರಾವಲಂಬಿ. ಅಲ್ಲೇ ಹುಟ್ಟಿ ಬೆಳೆದ ದೊಡ್ಡವರಲ್ಲಿ ಅಪರೂಪ. ಹೊರಗಿನಿಂದ ಬಂದ ದೊಡ್ಡವರಿಗೆ ಮಾತ್ರ ಮಕ್ಕಳಷ್ಟೇ ಕಷ್ಟ.

‘ಒಗ್ಗುವುದು’ ಎಂದರೆ ಕೋಶಗಳ ಮಟ್ಟದಲ್ಲಿ ಏನು? ಇದಕ್ಕೆ ಉತ್ತರ ಹುಡುಕಲು ದಶಕಗಳೇ ಹಿಡಿದಿವೆ, ಉತ್ತರವೂ ಒಂದಲ್ಲ.

ಒಂದು, ಪ್ರತಿಕಾಯ. 1961ರಲ್ಲಿ ಸಿಡ್ನಿ ಕೋಹೆನ್, ಇಯಾನ್ ಮೆಕ್‌ಗ್ರೆಗರ್ ತಂಡ ಗ್ಯಾಂಬಿಯಾದಲ್ಲಿ ಮಲೇರಿಯಾ ಕಂಡುಂಡ ದೊಡ್ಡವರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ರೋಗ ಹಿಡಿದ ಮಕ್ಕಳಿಗೆ ಕೊಟ್ಟಿತು. ಮಕ್ಕಳ ರಕ್ತದಲ್ಲಿ ಪರಾವಲಂಬಿ ಕೆಲವೇ ದಿನಗಳಲ್ಲಿ ಇಳಿದುಹೋಯಿತು. ಆದರೆ ಈ ಪ್ರತಿಕಾಯ ಗಳಿಸಲು ಹತ್ತಾರು ಸಲ ಬೀಳಬೇಕು. ಫಾಲ್ಸಿಪಾರಂ ತಾನು ಹೊಕ್ಕ ಕಣದ ಹೊರಮೈಗೆ ತೊಡಿಸುವ ಪ್ರೋಟೀನಿಗೆ ಸುಮಾರು 60 ಜೀನ್‌ಗಳಿವೆ. ಒಂದು ವೇಷ ಗುರುತಾಯಿತೆಂದರೆ ಇನ್ನೊಂದು ತೊಡುತ್ತದೆ. ಯಕ್ಷಗಾನದ ಚೌಕಿಮನೆಯಲ್ಲೂ ಅಷ್ಟು ವೇಷ ಇರಲಾರದು.

ಎರಡನೆಯದು ನಾನು ನಿರೀಕ್ಷಿಸಿರದ ಉತ್ತರ. ಒಗ್ಗಿದ ಮೈ ಹೆಚ್ಚು ಹೊಡೆದಾಡುವುದಿಲ್ಲ, ಕಡಿಮೆ ಕೂಗಾಡುತ್ತದೆ. ಆಫ್ರಿಕದ ಮಾಲಿಯಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ, ಪದೇ ಪದೇ ಸೋಂಕು ಕಂಡವರ ಮಾನೊಸೈಟ್‌ಗಳು ಪರಾವಲಂಬಿ ಎದುರಾದಾಗ ಟಿಎನ್‌ಎಫ್ ಕಡಿಮೆ, ಐಎಲ್–10 ಹೆಚ್ಚು ಬಿಡುತ್ತವೆ ಎಂದು ಕಂಡುಬಂತು. ಈ ಬದಲಾವಣೆ ಜೀನ್‌ನ ಅಕ್ಷರಗಳಲ್ಲಿ ಆದದ್ದಲ್ಲ. ಡಿಎನ್‌ಎ ನೂಲನ್ನು ಸುತ್ತಿಟ್ಟ ಉಂಡೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದರಲ್ಲಿ ಆದದ್ದು. ಉಗಾಂಡಾದ ಮಕ್ಕಳಲ್ಲಿ ಇದಕ್ಕೆ ಹೊಂದುವ ಇನ್ನೊಂದು ಸಂಗತಿ. ಗಾಮಾ–ಡೆಲ್ಟಾ ಎಂಬ ವಿಶೇಷ ಟಿ ಕೋಶಗಳಿವೆ. ಸಾಮಾನ್ಯ ದಿನಗಳಲ್ಲಿ ರಕ್ತದಲ್ಲಿ ಅವು ಬೆರಳೆಣಿಕೆ. ಮೊದಲ ಸಲ ಮಲೇರಿಯಾ ಬಂದಾಗ ಹಲವು ಪಟ್ಟು ಹೆಚ್ಚಿ, ವಾರಗಟ್ಟಲೆ ಹಾಗೇ ಉಳಿಯುತ್ತವೆ. ಮೇಲಿಂದ ಮೇಲೆ ಸೋಂಕಿಗೆ ಬಿದ್ದ ಮಕ್ಕಳಲ್ಲಿ ಈ ಪಡೆಯೇ ಕರಗಿರುತ್ತದೆ, ಉಳಿದವು ಮಂದವಾಗಿರುತ್ತವೆ. ಅಂಥ ಮಕ್ಕಳಿಗೆ, ರಕ್ತದಲ್ಲಿ ಪರಾವಲಂಬಿ ಇದ್ದರೂ, ಜ್ವರ ಬರುವುದು ಕಡಿಮೆ.

ಎಲೆಯಡಿಕೆ ಜಗಿಯುತ್ತ ತೋಟದಲ್ಲಿ ನಿಂತಿದ್ದವನ ಮೈ ರೋಗವನ್ನು ಗೆದ್ದಿರಲಿಲ್ಲ, ಅದರೊಡನೆ ರಾಜಿ ಮಾಡಿಕೊಂಡಿತ್ತು ಎಂದೇ ಈಗ ನನಗನ್ನಿಸುತ್ತದೆ. ರಾಜಿಯ ಖರ್ಚು ಸಣ್ಣದಲ್ಲ. ಸದಾ ಊದಿದ ಗುಲ್ಮ, ಎಂದೂ ತುಂಬದ ರಕ್ತ, ಹೆರಿಗೆಯಲ್ಲಿ ಸೋಲುವ ಹೆಂಗಸರು. ಬಿ ಕೋಶಗಳಲ್ಲೂ ಈ ಸವಕಲು ಕಾಣುತ್ತದೆ. ಸೋಂಕು ನೆನಪಿಡಬೇಕಾದ ಬಿ ಕೋಶಗಳಲ್ಲಿ ಒಂದು ಪಾಲು, ಮಲೇರಿಯಾ ಸೀಮೆಯವರಲ್ಲಿ, ‘ವಿಲಕ್ಷಣ’ ರೂಪಕ್ಕೆ ತಿರುಗಿರುತ್ತದೆ. ಪ್ರಚೋದಿಸಿದರೂ ಚುರುಕಾಗಿ ಎದ್ದೇಳದು. ಸೋಂಕಿನ ಕಾಟ ನಿಂತ ಊರುಗಳಲ್ಲಿ ವರ್ಷಗಳ ಮೇಲೆ ನೋಡಿದರೆ ಇಂಥವು ಕಡಿಮೆಯಾಗಿರುತ್ತವೆ. ಘಟ್ಟದ ಮೇಲಿನವರ ಮೈಗೆ ಒಗ್ಗಿದೆ ಎಂದು ಹೇಳಿ ಅವರನ್ನೇ ಕಾಡಿನ ಕೆಲಸಕ್ಕೆ ಹಚ್ಚಿದವರಿಗೆ ಇದೆಲ್ಲ ತಿಳಿದಿರಲು ಸಾಧ್ಯವಿರಲಿಲ್ಲ. ತಿಳಿದಿದ್ದರೂ ಹಚ್ಚುತ್ತಿದ್ದರೇನೋ.

ಈ ರಾಜಿ ಮುರಿದದ್ದು 1946ರಲ್ಲಿ. ಮುಂಬೈ ಪ್ರಾಂತ್ಯದ ಮಲೇರಿಯಾ ವಿಭಾಗದ ಡಿ.ಕೆ. ವಿಶ್ವನಾಥನ್, ಕೀಟಶಾಸ್ತ್ರಜ್ಞ ಟಿ. ರಾಮಚಂದ್ರ ರಾವ್ ಜೊತೆಗೂಡಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಹೊಡೆಸಿದರು. ಎರಡನೆಯ ಮಹಾಯುದ್ಧದಿಂದ ಆಗಷ್ಟೇ ಹೊರಬಂದ ಔಷಧ. ಹಳ್ಳಿಗಾಡಿನ ಮೇಲೆ ಅಷ್ಟು ವಿಸ್ತಾರಕ್ಕೆ ಪ್ರಯೋಗಿಸಿದ್ದು ದೇಶದಲ್ಲಿ ಮೊದಮೊದಲು ಇಲ್ಲೇ. ಮೊದಲ ವರ್ಷದ ಫಲಿತಾಂಶ 1947ರಲ್ಲಿ ಅಚ್ಚಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಎದುರಿಗಿದ್ದ ಮಾದರಿಗಳಲ್ಲಿ ನಮ್ಮ ಜಿಲ್ಲೆಯದೂ ಒಂದು. ವಿಶ್ವನಾಥನ್ ಮುಂದೆ ಭಾರತದಲ್ಲಿ ಮಲೇರಿಯಾ ಗೆದ್ದ ಕತೆಯನ್ನೇ ಪುಸ್ತಕವಾಗಿ ಬರೆದರು, 1958ರಲ್ಲಿ. ರಾಮಚಂದ್ರ ರಾಯರು ಭಾರತದ ಅನಾಫಿಲಿಸ್ ಸೊಳ್ಳೆಗಳ ಮೇಲೆ ಇಂದಿಗೂ ಕೀಟಶಾಸ್ತ್ರಜ್ಞರು ಬಿಡಿಸಿ ನೋಡುವ ದಪ್ಪ ಗ್ರಂಥವನ್ನು ಕೊಟ್ಟರು. ನನ್ನ ಬಾಲ್ಯಕ್ಕೆ ಇವರಿಂದ ದಕ್ಕಿದ್ದು ಬಾಗಿಲ ಪಕ್ಕದ ಗೋಡೆಯ ಮೇಲಿನ ಡಿಡಿಟಿ ತಾರೀಖು, ಮತ್ತು ಹದಿನೈದು ದಿನಕ್ಕೊಮ್ಮೆ ಬಂದು ‘ಜ್ವರ ಯಾರಿಗಾದರೂ?’ ಎಂದು ಕೇಳುತ್ತಿದ್ದ, ಎಲ್ಲರೂ ‘ಮಲೇರಿಯಾದವ’ ಎಂದೇ ಕರೆಯುತ್ತಿದ್ದ ಖಾಕಿ ಅಂಗಿಯ ಮನುಷ್ಯ.

ದೇಶದ ಲೆಕ್ಕದಲ್ಲಿ 1947ರ ಸುಮಾರಿಗೆ ವರ್ಷಕ್ಕೆ ಏಳೂವರೆ ಕೋಟಿ ಪ್ರಕರಣ ಎಂದು ಅಂದಾಜು. 1965ಕ್ಕೆ ಒಂದು ಲಕ್ಷ. 1976ಕ್ಕೆ ಮತ್ತೆ 64 ಲಕ್ಷ. 2015ರಲ್ಲಿ 11.69 ಲಕ್ಷ, 2023ರಲ್ಲಿ 2.27 ಲಕ್ಷ. ಏರಿಳಿತದ ಕಾರಣಗಳು ಬೇರೆಯದೇ ಲೇಖನಕ್ಕಾಗುವಷ್ಟಿವೆ.

ಆರನೆಯ ದಿನ

ಸ್ವಯಂಸೇವಕರಿಗೆ, ಅವರ ಒಪ್ಪಿಗೆಯ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ ಮಲೇರಿಯಾ ಸೋಂಕು ತಗುಲಿಸಿ ದಿನದಿನವೂ ರಕ್ತ ತೆಗೆದು ನೋಡುವ ಅಧ್ಯಯನಗಳು ಬ್ರಿಟನ್‌ನಲ್ಲಿ ನಡೆಯುತ್ತವೆ. ವೈವಾಕ್ಸ್ ಕುರಿತು ಅಂಥದೊಂದರ ಫಲಿತಾಂಶ 2023ರಲ್ಲಿ ಬಂತು. ಜ್ವರ, ಸೈಟೊಕೈನ್, ಮಾನೊಸೈಟ್‌ಗಳ ಅಬ್ಬರ ಪರಾವಲಂಬಿ ಹೆಚ್ಚಿದ್ದಾಗ ಏರಿ, ಔಷಧ ಬಿದ್ದ ಮೇಲೆ ಇಳಿಯಿತು. ಅದು ಎಲ್ಲರ ಊಹೆಯಂತೆಯೇ. ಟಿ ಕೋಶಗಳು ಮಾತ್ರ ಆ ತಾಳಕ್ಕೆ ಕುಣಿಯಲಿಲ್ಲ. ಔಷಧ ಕೊಟ್ಟ ಸುಮಾರು ಆರು ದಿನಗಳ ಮೇಲೆ, ರಕ್ತದಲ್ಲಿ ಪರಾವಲಂಬಿಯೂ ಇಲ್ಲದ, ಮೈಯಲ್ಲಿ ಜ್ವರವೂ ಇಲ್ಲದ ಹೊತ್ತಿನಲ್ಲಿ, ಅವುಗಳ ಚಟುವಟಿಕೆ ಅತಿ ಎತ್ತರಕ್ಕೆ ಹೋಯಿತು. ಗುಲ್ಮದ ಮಠದಲ್ಲಿ ಪಾಠ ಕಲಿತವರು ಒಡೆದು ಹೆಚ್ಚಿ ರಕ್ತಕ್ಕೆ ಇಳಿಯುವುದೇ ಆಗ.

ಇವುಗಳಲ್ಲಿ ಒಂದು ಬಣದ್ದು ಸ್ವಾರಸ್ಯದ ಕತೆ. ಕೆಂಪುಕಣಕ್ಕೆ ಕೇಂದ್ರಬೀಜ ಇಲ್ಲ, ‘ನನ್ನೊಳಗೆ ಕಳ್ಳನಿದ್ದಾನೆ’ ಎಂದು ಕೊಲ್ಲುವ ಟಿ ಕೋಶಕ್ಕೆ ಹೇಳುವ ಫಲಕವೂ ಇಲ್ಲ. ಹಾಗಾಗಿ ರಕ್ತದ ಹಂತದಲ್ಲಿ ಸಿಡಿ–8 ಎಂಬ ಈ ಕೊಲ್ಲುವ ಟಿ ಕೋಶಗಳಿಗೆ ಕೆಲಸವಿಲ್ಲ ಎಂದು ಪಾಠಪುಸ್ತಕ ಹೇಳುತ್ತಿತ್ತು. ಬ್ರೆಜಿಲ್‌ನ ವೈವಾಕ್ಸ್ ರೋಗಿಗಳ ಮೇಲಿನ 2018ರ ಅಧ್ಯಯನ ಇದನ್ನು ತಿದ್ದಿತು. ವೈವಾಕ್ಸ್ ಹೊಗುವುದು ಎಳೆಯ ಕಣಗಳನ್ನು. ಆ ಎಳೆಯ ಕಣಗಳ ಮೈಮೇಲೆ ಫಲಕ ಇನ್ನೂ ಕಳಚಿ ಬಿದ್ದಿರುವುದಿಲ್ಲ. ಸಿಡಿ–8 ಕೋಶಗಳು ಅದನ್ನು ಓದಿ, ಕಣವನ್ನೂ ಒಳಗಿನ ಪರಾವಲಂಬಿಯನ್ನೂ ಒಟ್ಟಿಗೆ ಮುಗಿಸುತ್ತವೆ.

ನನ್ನ 2009ರ ಆರನೆಯ ದಿನಕ್ಕೆ ಬಂದರೆ: ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಕಣ್ಣು ಕತ್ತಲೆ ಬಂದದ್ದಕ್ಕೆ ಸೋಮಾರಿತನ ಕಾರಣವಲ್ಲ. ಕೋಶಗಳು ಕೋಟಿಗಟ್ಟಲೆ ಒಡೆದು ಹುಟ್ಟುತ್ತಿದ್ದವು, ಗುಲ್ಮ ಸೋಂಕಿಲ್ಲದ ಕೆಂಪುಕಣಗಳನ್ನೂ ಕೈತಪ್ಪಿ ನುಂಗುತ್ತಿತ್ತು, ಮೂಳೆಮಜ್ಜೆ ಹೊಸ ರಕ್ತದ ಬಾಕಿ ತೀರಿಸಲು ಹೆಣಗುತ್ತಿತ್ತು. ಹಿಮೋಗ್ಲೋಬಿನ್ ಮೊದಲಿನ ಮಟ್ಟಕ್ಕೆ ಬರಲು ವಾರಗಳು ಬೇಕು. ಜ್ವರ ಬಿಟ್ಟವನನ್ನು ಬಲೆ ಎಳೆಯಲು ಕರೆದೊಯ್ಯುವ ತಾಂಡೇಲನಿಗೆ, ತಾನು ಕರೆದೊಯ್ಯುತ್ತಿರುವುದು ಅರ್ಧ ಮನುಷ್ಯನನ್ನು ಎಂದು ಯಾರಾದರೂ ಹೇಳಬೇಕು.

ಇಷ್ಟೆಲ್ಲ ಮಾಡಿಯೂ ಟಿ ಕೋಶಗಳ ಕೈಗೆ ಸಿಗದ ಒಂದು ಜಾಗ ಉಳಿಯುತ್ತದೆ, ಲಿವರ್. ವೈವಾಕ್ಸ್‌ನ ಕೆಲವು ಮರಿಗಳು ಅಲ್ಲಿ ಒಡೆಯದೆ ನಿದ್ದೆ ಹೋಗಿರುತ್ತವೆ. ವಾರಗಳೋ ತಿಂಗಳುಗಳೋ ಕಳೆದು ಎದ್ದಾಗ, ಹೊಸ ಸೊಳ್ಳೆಯ ಹಂಗೇ ಇಲ್ಲದೆ, ಎಲ್ಲ ಮೊದಲಿಂದ. ಅವನ್ನು ನಿದ್ದೆಯಲ್ಲೇ ಕೊಲ್ಲಲು ಪ್ರಿಮಾಕ್ವಿನ್ ಬೇಕು, ಅದಕ್ಕೇ ಹದಿನಾಲ್ಕು ದಿನ. (ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಇದೇ ಗುಳಿಗೆ ಕೆಂಪುಕಣ ಒಡೆಯುತ್ತದೆ, ಗರ್ಭಿಣಿಯರಿಗೆ ಕೊಡುವಂತಿಲ್ಲ, ಆದ್ದರಿಂದ ನೆರೆಮನೆಯವರ ಉಳಿಕೆ ಗುಳಿಗೆ ನುಂಗುವ ನಮ್ಮ ಸಂಪ್ರದಾಯ ಇಲ್ಲಿ ಬೇಡ.) ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಕೊಟ್ಟಿದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಫಾಲ್ಸಿಪಾರಂಗೆ, ಆಫ್ರಿಕದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ವೈವಾಕ್ಸ್‌ಗೆ ಲಸಿಕೆ ಇಲ್ಲ.

2027ರ ಹೊತ್ತಿಗೆ ದೇಶದೊಳಗೇ ಹುಟ್ಟುವ ಮಲೇರಿಯಾ ಶೂನ್ಯವಾಗಬೇಕು ಎನ್ನುವುದು ಸರ್ಕಾರದ ಗುರಿ. ಮಂಗಳೂರು ವರ್ಷಗಟ್ಟಲೆ ರಾಜ್ಯದ ಪ್ರಕರಣಗಳಲ್ಲಿ ಸಿಂಹಪಾಲು ಹೊತ್ತು, 2015ರಿಂದ ಟ್ಯಾಬ್ ಹಿಡಿದು ಪ್ರತಿ ರೋಗಿಯ ಮನೆ ಹುಡುಕಿ ಬಹಳಷ್ಟು ಇಳಿಸಿಕೊಂಡಿದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇವತ್ತು ಜ್ವರ ಬಂದರೆ ವೈದ್ಯರ ಮನಸ್ಸಿಗೆ ಡೆಂಗಿ, ಇಲಿಜ್ವರ, ಕಾಡಂಚಿನ ಊರಾದರೆ ಮಂಗನ ಕಾಯಿಲೆ ಬರುತ್ತವೆ. ಒಳ್ಳೆಯದೇ. ಇದರ ಇನ್ನೊಂದು ಮುಖ, ನಮ್ಮಲ್ಲಿ ಈಗ ಯಾರ ಮೈಗೂ ಮಲೇರಿಯಾ ಒಗ್ಗಿಲ್ಲ ಎಂಬುದು. ಪ್ರತಿಕಾಯಗಳು ಸವೆದಿವೆ, ರಾಜಿ ಮಾಡಿಕೊಂಡಿದ್ದ ಮಾನೊಸೈಟ್‌ಗಳ ಪೀಳಿಗೆ ಹೋಗಿದೆ. ಜ್ವರದ ಸೀಮೆ ಬಿಟ್ಟು ಬಂದವರಲ್ಲೂ ಆ ಒಗ್ಗುವಿಕೆ ಕೆಲವು ವರ್ಷಗಳಲ್ಲಿ ಮಾಸುತ್ತದೆ. ಊರಿನಲ್ಲಿದ್ದಾಗ ಎಂದೂ ಬೀಳದಿದ್ದವ ರಜೆಗೆ ಊರಿಗೆ ಹೋಗಿ ಬಂದಾಗ ಬೀಳುತ್ತಾನೆ. ಭಟ್ಕಳದ ಹೊಸ ಕಟ್ಟಡದ ತಾರಸಿಯಲ್ಲಿ ಸಿಮೆಂಟು ನೆನೆಯಲೆಂದು ನಿಲ್ಲಿಸಿದ ನೀರು, ಬಾವಿ, ತೆರೆದ ಟಾಕಿ ಇವೆಲ್ಲ ಪಟ್ಟಣದ ಸೊಳ್ಳೆ ಸ್ಟಿಫೆನ್ಸಿಗೆ ಸಾಕು. ಒಬ್ಬನ ಲಿವರ್‌ನಲ್ಲಿ ಮಲಗಿದ್ದು ಎದ್ದರೆ, ಸುತ್ತಲಿನವರೆಲ್ಲ ಕೊನೆಕೊಯ್ಲಿಗೆ ಘಟ್ಟ ಹತ್ತಿದ ಆ ಕೆಳಗಿನವರೇ.

ನನ್ನದು ಎದ್ದದ್ದು ನಾಲ್ಕು ತಿಂಗಳ ಮೇಲೆ, ದೀಪಾವಳಿ ಮುಗಿದ ಚಳಿಯಲ್ಲಿ, ರಜೆಗೆಂದು ಕುಮಟಾಕ್ಕೆ ಬಂದಿದ್ದಾಗ. ಈ ಸಲ ಹದಿನಾಲ್ಕು ದಿನಕ್ಕೂ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಹಾಕಿದಳು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಆರನೆಯ ದಿನ, ಊಟವಾದ ಮೇಲೆ, ಇನ್ನು ಗುಳಿಗೆ ಬೇಕಾಗಿಲ್ಲವೇನೋ ಎಂದು ನಾನು ಶುರು ಮಾಡಿದೆ. ಎಂಬತ್ತು ದಾಟಿದ ಅಜ್ಜಿ ಜಗುಲಿಯಿಂದ ಎದ್ದು ಬಂದಳು. ಅಂಗಿ ಎತ್ತು ಅಂದಳು. ಎಡ ಪಕ್ಕೆಲುಬಿನ ಕೆಳಗೆ ನಾಲ್ಕು ಬೆರಳೂರಿ, ಉಸಿರು ಎಳೆದುಕೊಳ್ಳಲು ಹೇಳಿ, ಸ್ವಲ್ಪ ಹೊತ್ತು ಹಾಗೇ ಹಿಡಿದಳು.

‘ಗಡ್ಡೆ ಇನ್ನೂ ಇಳದ್ದಿಲ್ಲೆ’ ಅಂದು, ನೀರಿನ ಲೋಟ ನನ್ನ ಕಡೆ ಸರಿಸಿದಳು.